ಮಾಲಕರು ಕೂಡಿಸಿಕೊಟ್ಟ ಸೊನ್ನೆ

ದೀಪಾವಳಿಯ ರಜೆ ಮುಗಿಸಿ ಬಂದ ದಿನವೇ ಪುಣೆಯಿಂದ ಫ್ಯಾಕ್ಸ್ ಬಂತು. ಹಬ್ಬಕ್ಕೆ ಮುಂಚೆ ಕಳಿಸಿದ ಲಾಟು ಪೂರ್ತಿ ವಾಪಸ್. ಕಾರಣ ಒಂದೇ ಸಾಲಿನಲ್ಲಿತ್ತು: ಬೋರು ದೊಡ್ಡದಾಗಿದೆ. ಫ್ಯಾಕ್ಸ್ ಯಂತ್ರ ಆ ವರ್ಷವೇ ಬಂದಿತ್ತು, ಅದರ ಮೇಲೆ ಹೊದಿಸಿದ ಪ್ಲಾಸ್ಟಿಕ್ಕನ್ನು ಮಾಲಕರು ಇನ್ನೂ ತೆಗೆದಿರಲಿಲ್ಲ. ಅಷ್ಟು ಮುದ್ದಿನ ಯಂತ್ರದಿಂದ ಬಂದ ಮೊದಲ ದೊಡ್ಡ ಸುದ್ದಿ ಇದು.

ನಾನು ಮಿರಜದ ಕೈಗಾರಿಕಾ ವಸಾಹತು ಎಂಐಡಿಸಿಯ ಆ ವರ್ಕ್‌ಶಾಪಿನಲ್ಲಿ ಅಳತೆ ನೋಡುವವಳು. ಮಾಡಿದ ಮಾಲನ್ನು ಗೇಜು ಹಿಡಿದು ಪರೀಕ್ಷಿಸಿ, ಹೋಗಬಹುದು, ಹೋಗಬಾರದು ಅನ್ನುವುದು ನನ್ನ ಕೆಲಸ. ಸಾಂಗಲಿ, ಮಿರಜ, ಕುಪವಾಡ ಮೂರೂ ಬೆಳೆದು ಒಂದಕ್ಕೊಂದು ತಾಗುತ್ತಿದ್ದ ಕಾಲ. ದ್ರಾಕ್ಷಿ ಇದ್ದ ಹೊಲದಲ್ಲಿ ಪ್ಲಾಟುಗಳ ಕಲ್ಲು ನೆಟ್ಟಿದ್ದರು. ಪುಣೆಯ ದೊಡ್ಡ ಕಂಪನಿಗಳು ಹೊರದೇಶದವರ ಜೊತೆ ಕೈಜೋಡಿಸಿದ್ದರಿಂದ ನಮ್ಮಂಥ ಶೆಡ್ಡುಗಳಿಗೂ ಒಮ್ಮೆಲೇ ಮೈಕ್ರಾನಿನ ಮಾತು ಬಂದಿತ್ತು. ಅದಕ್ಕೂ ಮುಂಚೆ ನಮ್ಮಲ್ಲಿ ಮಾಲು ಕೂಡುತ್ತದೋ ಇಲ್ಲವೋ ಎಂದು ಬಡಿದು ನೋಡುತ್ತಿದ್ದರು.

ನಾವು ಮಾಡುತ್ತಿದ್ದುದು ಟ್ರ್ಯಾಕ್ಟರಿನ ಹಿಂದೆ ನೇಗಿಲನ್ನು ಎತ್ತಿ ಇಳಿಸುವ ಲಿಫ್ಟಿನ ಸಿಲಿಂಡರು. ಎರಕದ ಕಬ್ಬಿಣದ ಗಟ್ಟಿ ಕೊಳವೆ. ಅದರ ಒಳಗಿನ ತೂತಿಗೆ ಬೋರು ಅನ್ನುತ್ತೇವೆ. ಬೋರಿನ ಅಡ್ಡಳತೆ ನಲವತ್ತು ಮಿಲಿಮೀಟರಿಗಿಂತ ಕಡಿಮೆ ಇರಬಾರದು, ಅದರ ಮೇಲೆ ಇಪ್ಪತ್ತೈದು ಮೈಕ್ರಾನು ದಾಟಬಾರದು. ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಮೈಕ್ರಾನು. ಒಂದು ತಲೆಗೂದಲಿನ ದಪ್ಪದಲ್ಲೇ ಅಂಥವು ಐವತ್ತಕ್ಕೂ ಹೆಚ್ಚು. ಬೋರು ಚಿಕ್ಕದಾದರೆ ಚಿಂತೆಯಿಲ್ಲ, ಇನ್ನಷ್ಟು ಕೆರೆಯಬಹುದು. ದೊಡ್ಡದಾದರೆ ತುಂಬಲು ಬರುವುದಿಲ್ಲ, ಭಂಗಾರಕ್ಕೆ, ಅಂದರೆ ಗುಜರಿಗೆ, ಹಾಕಬೇಕು.

ಕಡೆಯ ಆ ಕೆಲವು ಮೈಕ್ರಾನು ಕೆರೆಯುವ ಕೆಲಸಕ್ಕೆ ಹೋನಿಂಗ್ ಅನ್ನುತ್ತಾರೆ. ಸಾಣೆಯ ಕಡ್ಡಿಗಳನ್ನು ಬೋರಿನೊಳಗೆ ತಿರುಗಿಸುತ್ತಾ, ಎಣ್ಣೆ ಬಿಡುತ್ತಾ, ನಡುನಡುವೆ ಅಳೆಯುತ್ತಾ ಹೋಗಬೇಕು. ನಮ್ಮ ಹೋನಿಂಗ್ ಮಾಡುವವನು ಅಥಣಿ ಕಡೆಯವ, ಹೆಂಡತಿಯೊಡನೆ ಬುಧಗಾಂವದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ. ಬಾಯಿ ಹರಕ. ಗಲ್ಲದಲ್ಲಿ ಸದಾ ಅಡಿಕೆ ತಂಬಾಕಿನ ಮಾವಾ ಇಟ್ಟುಕೊಂಡು, ಯಾರು ಎದುರು ಸಿಕ್ಕರೂ ಕೆಣಕುತ್ತಿದ್ದ. ನನ್ನನ್ನೂ ಬಿಟ್ಟವನಲ್ಲ. "ಅಕ್ಕಾರ, ನನ್ನ ಮಾಲು ಯಾಕ ಅಳೀತೀರಿ? ಒಂದ ಅಳದು ಉಳದದ್ದಕ್ಕೆಲ್ಲಾ ಅದನ್ನ ಬರಕೋರಿ, ಮನಿಗೆ ಲಗೂ ಹೋಗ್ರಿ" ಅನ್ನುತ್ತಿದ್ದ. ಸೊಕ್ಕಿನ ಮಾತು. ಆದರೆ ಅಳೆದು ನೋಡಿದರೆ ಅವನ ಬೋರುಗಳು ಒಂದಕ್ಕೊಂದು ನಾಲ್ಕು ಮೈಕ್ರಾನಿನ ಒಳಗೇ ಇರುತ್ತಿದ್ದವು. ಅವನು ಹಲವು ವರ್ಷಗಳಿಂದ ಟೆಂಪರರಿ. ಕಾಯಂ ಮಾಡಿರೆಂದು ಮಾಲಕರ ಎದುರಿಗೇ ಕೇಳುತ್ತಿದ್ದ, ಕೇಳಿದಾಗಲೆಲ್ಲ ದನಿ ಏರುತ್ತಿತ್ತು.

ಮಾಲಕರು ನನ್ನ ತಂದೆಯ ದೊಡ್ಡಪ್ಪನ ಮಗ. ನಾನು ಕಾಕಾ ಅನ್ನುತ್ತಿದ್ದೆ. ನಮ್ಮೆರಡೂ ಮನೆಗಳ ಮೂಲ ಸಮಡೋಳಿ, ಮನೆಮಾತು ಕನ್ನಡ. ಆದರೆ ವರ್ಕ್‌ಶಾಪಿನ ಗೇಟು ದಾಟಿದ ಕೂಡಲೇ ಕಾಕಾ ಮರಾಠಿಗೆ ತಿರುಗುತ್ತಿದ್ದರು. ಕನ್ನಡ ಊಟಕ್ಕೆ, ಮರಾಠಿ ಹುಕುಮಿಗೆ. ಒಂದೇ ಲೇತಿನಿಂದ ಶುರುಮಾಡಿ ಮೂವತ್ತರ ಹತ್ತಿರ ಜನರನ್ನು ಇಟ್ಟುಕೊಳ್ಳುವವರೆಗೆ ಬೆಳೆದವರು. ಅವರ ಕೈ ಚೊಕ್ಕ, ದೇವರ ಭಯ ಉಳ್ಳವರು, ನನಗೆ ಕೆಲಸ ಕೊಟ್ಟವರು. ಇದನ್ನೆಲ್ಲ ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಹೇಳಲು ನನಗೆ ಮನಸ್ಸಾಗಲಿಕ್ಕಿಲ್ಲ.

ಬೋರು ಅಳೆಯುವ ಗೇಜಿನ ವಿಷಯವನ್ನೂ ಹೇಳಬೇಕು. ಅದು ಗಡಿಯಾರದಂಥ ಮುಖವಿರುವ ಒಂದು ಕೋಲು. ಅದಕ್ಕೆ ಸ್ವಂತ ಬುದ್ಧಿಯಿಲ್ಲ. ನಲವತ್ತು ಮಿಲಿಮೀಟರು ಅಂದರೆ ಎಷ್ಟು ಎಂದು ಅದಕ್ಕೆ ಗೊತ್ತಿಲ್ಲ. ನಲವತ್ತೇ ಮಿಲಿಮೀಟರು ಒಳಅಳತೆ ಇರುವ ಒಂದು ಉಕ್ಕಿನ ರಿಂಗು ಇರುತ್ತದೆ, ಗೇಜನ್ನು ಅದರೊಳಗೆ ಇಳಿಸಿ ಮುಳ್ಳನ್ನು ಸೊನ್ನೆಗೆ ಕೂಡಿಸಬೇಕು. ಆಮೇಲೆ ಗೇಜು ಏನು ಹೇಳಿದರೂ ಆ ರಿಂಗಿಗೆ ಹೋಲಿಸಿ ಹೇಳುತ್ತದೆ, ಅಷ್ಟೇ.

ಎಲ್ಲ ಕಡೆ ಸೊನ್ನೆ ಕೂಡಿಸುವುದು ನನ್ನಂಥ ಅಳತೆಯವರ ಕೆಲಸ. ನಮ್ಮಲ್ಲಿ ಅದು ಮಾಲಕರದು. ಬೆಳಿಗ್ಗೆ ಬಂದು, ದೇವರ ಫೋಟೋಕ್ಕೆ ಊದಿನಕಡ್ಡಿ ಹಚ್ಚಿ, ತಮ್ಮ ಕಪಾಟಿನ ಬೀಗ ತೆಗೆದು, ಮಖಮಲ್ಲಿನ ಡಬ್ಬಿಯಿಂದ ರಿಂಗನ್ನು ಎತ್ತಿ, ಸ್ವತಃ ಸೊನ್ನೆ ಕೂಡಿಸಿ, ಬಲಗೈಯಿಂದ ಗೇಜನ್ನು ಹೋನಿಂಗಿನವನ ಕೈಗೆ ಕೊಡುತ್ತಿದ್ದರು. ಸಂಜೆಗೆ ಅದೇ ಗೇಜು ನನ್ನ ಕೈಗೆ ಬರುತ್ತಿತ್ತು. ರಿಂಗನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ನಾನು, ಇದು ನನ್ನ ಕೆಲಸ ಅಲ್ಲವೇ ಎಂದು ಕೇಳಿದ್ದೆ. ಕಾಕಾ ನಕ್ಕು, "ಬೋಹಣಿ ಮಾಲಕನ ಕೈಲೇ ಆಗಬೇಕು, ಮಗಳ" ಅಂದಿದ್ದರು. ಚೆಂದದ ಪದ್ಧತಿ ಅನಿಸಿ ಸುಮ್ಮನಾಗಿದ್ದೆ.

ಫ್ಯಾಕ್ಸ್ ಬಂದಾಗ ನಮಗೆಲ್ಲ ಮೊದಲು ಹೊಳೆದದ್ದು ಪುಣೆಯವರದೇ ತಪ್ಪು ಎಂದು. ಅವರದು ತಂಪು ಮಾಡಿದ ಕೋಣೆ, ನಮ್ಮದು ತಗಡಿನ ಶೆಡ್ಡು. ಬಿಸಿಗೆ ಕಬ್ಬಿಣ ಹಿಗ್ಗುತ್ತದೆ. ನಾನು ಲೆಕ್ಕ ಹಾಕಿದೆ. ಹತ್ತು ಡಿಗ್ರಿ ಹೆಚ್ಚುಕಡಿಮೆಯಾದರೂ ಇಷ್ಟು ಬೋರಿಗೆ ನಾಲ್ಕೈದು ಮೈಕ್ರಾನಿಗಿಂತ ಹೆಚ್ಚು ಬದಲಾಗದು; ಅದೂ ಸಿಲಿಂಡರು ಹಿಗ್ಗಿದಂತೆ ರಿಂಗೂ ಹಿಗ್ಗುತ್ತದೆ. ತಪ್ಪನ್ನು ಬಿಸಿಲಿನ ಮೇಲೆ ಹಾಕಲು ಬರಲಿಲ್ಲ. ವಾಪಸ್ ಬಂದ ಮಾಲನ್ನು ನಮ್ಮ ಗೇಜಿನಿಂದ ಮತ್ತೆ ಅಳೆದೆ. ಎಲ್ಲವೂ ಹತ್ತರಿಂದ ಹದಿನಾಲ್ಕರ ನಡುವೆ. ನಡುಮಧ್ಯ, ಇದಕ್ಕಿಂತ ಒಳ್ಳೆಯ ಮಾಲು ಬೇಕಿಲ್ಲ. "ನೋಡ್ರಿ, ನಾ ಏನ್ ಹೇಳಿದ್ದೆ?" ಅಂದ ಹೋನಿಂಗಿನವ. "ಪುಣೆದಾವ್ರಿಗೆ ಅಳತಿ ಬರೂದಿಲ್ರಿ. ಟೈ ಕಟ್ಟಾಕ ಬರತೈತಿ."

ಒಂದು ವಾರದಲ್ಲಿ ಆ ಟೈ ಕಟ್ಟಿದವನೇ ಬಂದ. ಪುಣೆ ಕಂಪನಿಯ ಗುಣಮಟ್ಟದ ಅಧಿಕಾರಿ, ನನಗಿಂತ ಸ್ವಲ್ಪ ದೊಡ್ಡವನಿದ್ದಾನು. ಮೆತ್ತಗಿನ ಮಾತು. ತನ್ನದೇ ಗೇಜು, ತನ್ನದೇ ರಿಂಗು ತಂದಿದ್ದ. ನಮ್ಮ ಮುಂದೆಯೇ ಸೊನ್ನೆ ಕೂಡಿಸಿ ಅಳೆಯುತ್ತಾ ಹೋದ, ನಾನು ಬರೆದುಕೊಳ್ಳುತ್ತಾ ಹೋದೆ. ಇಪ್ಪತ್ತೇಳು, ಮೂವತ್ತು, ಇಪ್ಪತ್ತೊಂಬತ್ತು, ಮೂವತ್ತೊಂದು. ಇಪ್ಪತ್ತೈದರ ಒಳಗೆ ಒಂದೂ ಇಲ್ಲ. ಹೋನಿಂಗಿನವ ಬಾಗಿಲಲ್ಲಿ ನಿಂತಿದ್ದ. ಅವನ ಗಲ್ಲದ ಆಡಾಟ ನಿಂತುಹೋಯಿತು.

ಊಟದ ಹೊತ್ತಿನಲ್ಲಿ ನಾನು ಆ ಅಂಕಿಗಳನ್ನು ಹಾಳೆಯ ಮೇಲೆ ಚುಕ್ಕೆ ಇಡುತ್ತಾ ಕುಳಿತೆ. ಚುಕ್ಕೆಗಳೆಲ್ಲ ಒಂದೇ ಸಣ್ಣ ಪಟ್ಟಿಯಲ್ಲಿ ಗುಂಪಾದವು. ನಮ್ಮ ಗೇಜಿನ ಚುಕ್ಕೆಗಳೂ ಅಷ್ಟೇ ಅಗಲದ ಪಟ್ಟಿ, ಹದಿನೇಳು ಮೈಕ್ರಾನು ಕೆಳಗೆ. ಇಷ್ಟು ಸ್ಪಷ್ಟವಾಗಿ ಒಂದು ವಿಷಯ ಹೇಳುವ ಚಿತ್ರವನ್ನು ನಾನು ಕಾಲೇಜಿನಲ್ಲೂ ನೋಡಿರಲಿಲ್ಲ. ಮಾಡುವವನ ಕೈ ತಪ್ಪಿದರೆ ಒಂದು ದೊಡ್ಡದು, ಒಂದು ಚಿಕ್ಕದು, ಚೆಲ್ಲಾಪಿಲ್ಲಿಯಾಗುತ್ತದೆ. ಎಲ್ಲವೂ ಒಂದೇ ಸಮ ಬಂದು, ಎಲ್ಲವೂ ಒಂದೇ ಕಡೆಗೆ ತಪ್ಪಿದ್ದರೆ ತಪ್ಪು ಕೈಯದಲ್ಲ, ಸೊನ್ನೆಯದು. ಒಂದೇ ಸಮ ಬರುವುದು ಬೇರೆ, ಸರಿ ಬರುವುದು ಬೇರೆ. ಹೋನಿಂಗಿನವನಿಗೆ ಮೊದಲನೆಯದು ಬರುತ್ತಿತ್ತು. ಎರಡನೆಯದು ಅವನ ಕೈಯಲ್ಲೇ ಇರಲಿಲ್ಲ.

ಹಾಳೆಯನ್ನು ಕಾಕಾ, ಪುಣೆಯವ ಇಬ್ಬರ ಮುಂದೆಯೂ ಇಟ್ಟು ಇದನ್ನೇ ಮರಾಠಿಯಲ್ಲಿ ಹೇಳಿದೆ. ನಮ್ಮ ರಿಂಗನ್ನೊಮ್ಮೆ ನಿಮ್ಮ ಗೇಜಿನಿಂದ ನೋಡಿ ಎಂದೂ ಪುಣೆಯವನನ್ನು ಕೇಳಿದೆ. ಕಾಕಾ ನಡುವೆಯೇ ಬಂದು ರಿಂಗಿನ ಸರ್ಟಿಫಿಕೇಟು ತೆಗೆದು ಕೊಟ್ಟರು. ಆ ವರ್ಷವೇ ಕೊಂಡದ್ದು, ಸಿಕ್ಕಾ ಇತ್ತು, ಸಹಿ ಇತ್ತು, ಅವಧಿ ಮುಗಿದಿರಲಿಲ್ಲ. ಪುಣೆಯವ ಅದನ್ನು ಓದಿ ತಲೆಯಾಡಿಸಿದ. ರಿಂಗು ಆರಡಿ ದೂರದ ಕಪಾಟಿನಲ್ಲಿತ್ತು. ಕಾಗದ ಕೈಯಲ್ಲಿತ್ತು. ಅವನು ಕಾಗದವನ್ನು ನಂಬಿದ.

ಆಮೇಲೆ ನನ್ನ ಚಿತ್ರವನ್ನು ಕೈಗೆತ್ತಿಕೊಂಡು ನಿಧಾನಕ್ಕೆ ಹೇಳಿದ. ರಿಂಗು ಸರಿಯಿದೆ ಅಂದಮೇಲೆ ಇಷ್ಟು ಒಂದೇ ಸಮ ತಪ್ಪುವುದು ಹೇಗೆ ಸಾಧ್ಯ? ನಿದ್ದೆಗಣ್ಣಲ್ಲಿ ತಪ್ಪಿದರೆ ಚೆಲ್ಲಾಪಿಲ್ಲಿ ಆಗುತ್ತಿತ್ತು, ನೀವೇ ಹೇಳಿದಿರಿ. ಇದು ಗೇಜು ಕೈಗೆ ಬಂದಮೇಲೆ ಯಾರೋ ಮುಳ್ಳು ತಿರುಗಿಸಿ ಮಾಡಿದ ಕೆಲಸ. ನಿಮ್ಮಲ್ಲಿ ಯಾರಿಗಾದರೂ ಅಸಮಾಧಾನ ಇದೆಯೇ?

ನಾನು ಬಾಯಿ ತೆರೆಯುವುದರೊಳಗೆ ಕಾಕಾ ಎದ್ದಿದ್ದರು. ಹೊರಗೆ ಹೋಗಿ, ಯಂತ್ರಗಳ ನಡುವೆ, ಎಲ್ಲರಿಗೂ ಕೇಳುವಂತೆ ಹೋನಿಂಗಿನವನ ಮೇಲೆ ಕೂಗಿದರು. "ಮುದ್ದಾಮ ಕೇಲಂಸ ತೂ!" ಬೇಕೆಂತಲೇ ಮಾಡಿದೆ ನೀನು. ಕಾಯಂ ಮಾಡಲಿಲ್ಲವೆಂದು ಸೇಡು ತೀರಿಸಿಕೊಂಡೆ. ಉಂಡ ಮನೆಗೆ ದ್ರೋಹ ಮಾಡಿದೆ, ಹರಾಮಖೋರ. ಲೇತುಗಳು ಒಂದೊಂದಾಗಿ ನಿಂತವು. ಹೋನಿಂಗಿನವ ಮೊದಲು ನಗಲು ನೋಡಿದ, ಕೆಣಕುವ ಆಟ ಅಂದುಕೊಂಡನೇನೋ. ಆಮೇಲೆ ಕನ್ನಡದಲ್ಲಿ, "ಮಾಲಕ್ರ, ನನ್ನ ಮಾರಿ ನೋಡಿ ಹೇಳ್ರಿ" ಅಂದ. ಕಾಕಾ ಅವನ ಮುಖ ನೋಡಲಿಲ್ಲ. "ಚಲ್, ನಿಘ ಇಥನಂ" ಅಂದರು, ನಡಿ ಇಲ್ಲಿಂದ. ಅವನು ಊಟದ ಡಬ್ಬಿಯನ್ನೂ ತೆಗೆದುಕೊಳ್ಳದೆ ಗೇಟಿನ ಆಚೆ ಹೋದ.

ಅವನನ್ನು ಉಳಿಸಲು ಬಿಡಿಸಿದ ಚಿತ್ರದಿಂದಲೇ ಅವನನ್ನು ಮುಳುಗಿಸಿದರು. ಚೆಲ್ಲಾಪಿಲ್ಲಿ ಮಾಡಿದ್ದರೆ ಅವನು ದಡ್ಡ ಅನ್ನಿಸಿಕೊಂಡು ಉಳಿಯುತ್ತಿದ್ದ. ಕೈ ಚೆನ್ನಾಗಿದ್ದದ್ದಕ್ಕೆ ದ್ರೋಹಿಯಾದ.

ಪುಣೆಯವ ಹೋಗುವ ಮುಂಚೆ ಒಂದು ವರದಿ ಕೇಳಿದ್ದ. ತಪ್ಪಿನ ಮೂಲ ಯಾವುದು, ಅದು ಮತ್ತೆ ಆಗದಂತೆ ಏನು ಮಾಡಿದಿರಿ, ಅಳತೆಯವರ ಸಹಿಯೊಂದಿಗೆ. ಸಹಿ ಅಂದರೆ ನನ್ನದು. ಕಾಕಾ ವರದಿಯನ್ನು ಟೈಪು ಮಾಡಿಸಿ ನನ್ನ ಮೇಜಿನ ಮೇಲೆ ಇಟ್ಟರು. ಮೂಲ: ಕೆಲಸಗಾರ. ಉಪಾಯ: ಕೆಲಸಗಾರನನ್ನು ತೆಗೆದಿದ್ದೇವೆ. ನಾನು ನಾಳೆ ನಾಡಿದ್ದು ಎನ್ನುತ್ತಾ ಮುಂದೂಡಿದೆ. ದಸರೆಗೆ ಮುಂಚೆ ಹೋದ ಲಾಟುಗಳೆಲ್ಲ ಪಾಸಾಗಿದ್ದವು. ಅದೇ ಕೈ, ಅದೇ ಗೇಜು. ನಡುವೆ ಏನೋ ಬದಲಾಗಿತ್ತು, ಅದು ರಿಂಗನ್ನು ಬಿಟ್ಟು ಬೇರೆ ಆಗಿರಲು ಸಾಧ್ಯವಿರಲಿಲ್ಲ. ಆದರೆ ಇದು ನನ್ನ ಊಹೆ. ಊಹೆಗೆ ಸಿಕ್ಕಾ ಇರುವುದಿಲ್ಲ.

ಕಾಕಾ ನಮ್ಮ ಕಡೆಯ ಬಾಹುಬಲಿಯ ಬೆಟ್ಟಕ್ಕೆ ದರ್ಶನಕ್ಕೆ ಹೋದ ದಿನ ನಾನು ನಿರ್ಧಾರ ಮಾಡಿದೆ. ರಿಂಗನ್ನು ಕೊಲ್ಹಾಪುರದ ಪ್ರಯೋಗಶಾಲೆಗೆ ಒಯ್ದು ಅಳೆಸುವುದು. ಸಿಕ್ಕಿಬಿದ್ದರೆ ಕೆಲಸವೂ ಹೋಗುತ್ತದೆ, ಎರಡು ಮನೆಗಳ ಮಾತೂ ಮುರಿಯುತ್ತದೆ. ಕಪಾಟಿನ ಇನ್ನೊಂದು ಕೀಲಿ ಕಾಕಿಯ ಹತ್ತಿರ ಇರುತ್ತಿತ್ತು. ಮಿರಜದ ಅವರ ಮನೆಗೆ ಹೋದಾಗ ಕಾಕಿ ಶೇಂಗಾ ಹುರಿಯುತ್ತಿದ್ದರು.

"ಕಾಕಿ, ಕಪಾಟಿನ ಕೀಲಿ ಬೇಕಾಗಿತ್ತು. ರಿಂಗ ಒಮ್ಮಿ ತಪಾಸ ಮಾಡಸೂದೈತಿ."

"ಯಾವ ರಿಂಗವಾ? ಆ ಉಕ್ಕಿನ ಬಳಿನಾ?" ಕಾಕಿ ಸೆರಗಿಗೆ ಕೈ ಒರೆಸಿಕೊಂಡು ಕೀಲಿ ಹುಡುಕಿದರು. "ಅದನ್ನ ನೋಡಿದ್ರ ನನಗ ನಗಿ ಬರತೈತಿ ನೋಡು. ಖಂಡೇನವಮಿ ದಿವಸ ಪೂಜಿಗೆ ಇಡೂ ಮುಂದ ನೋಡ್ತಾರ, ಒಳಗ ಒಂಚೂರು ಜಂಗು. ಮಳಿಗಾಲದಾಗ ಹಿಡದಿತ್ತೇನೋ. ಜಂಗು ಹಿಡದದ್ದನ್ನ ದೇವರ ಮುಂದ ಹೆಂಗಿಡ್ಲಿ ಅಂತ ಒಂದs ಸವನ ಚಡಪಡಿಸಿದ್ರು. ಕಡೀಕ ತಾವs ಲೇತಿಗೆ ಹಾಕಿ, ಪಾಲಿಶ ಪೇಪರ ಹಿಡದು ತಿಕ್ಕಿದ್ರು ನೋಡು. ಎಷ್ಟ ಛಲೋ ಹೊಳೀತು ಅಂತಿ! ನನ್ನ ಬೆಳ್ಳಿ ಸಮಯಿ ದೀಪಾನೂ ಹಂಗ ಹೊಳೀಲಿಲ್ಲ."

ದಸರೆಯ ಹಿಂದಿನ ದಿನ, ಖಂಡೇನವಮಿಗೆ, ನಮ್ಮ ಕಡೆ ಹತಾರಗಳನ್ನೆಲ್ಲ ತೊಳೆದು ತಿಕ್ಕಿ, ಅರಿಷಿಣ ಕುಂಕುಮ ಹಚ್ಚಿ ಪೂಜೆಗಿಡುತ್ತಾರೆ. ಪಾನಾ, ಸುತ್ತಿಗೆ, ಲೇತು ಎಲ್ಲವೂ ಹೊಳೆಯಬೇಕು. ಆ ಹಬ್ಬಕ್ಕೆ ನಾನು ಸಮಡೋಳಿಯಲ್ಲಿದ್ದೆ. ತಿರುಗುವ ಲೇತಿನ ಮೇಲೆ ತುಕ್ಕು ಹಿಡಿದ ರಿಂಗಿನ ಒಳಮೈಗೆ ಪಾಲಿಶ್ ಪೇಪರು ಹಿಡಿದರೆ ಹದಿನೇಳು ಮೈಕ್ರಾನು ಹೋಗಲು ಎಷ್ಟು ಹೊತ್ತು ಬೇಕು? ಕಾಕಿ ಒಂದು ಹಿಡಿ ಬಿಸಿ ಶೇಂಗಾ ನನ್ನ ಕೈಗೆ ಹಾಕಿದರು. ನಾನು ಅವನ್ನು ತಿನ್ನಲಾಗದೆ ಚೀಲಕ್ಕೆ ಹಾಕಿಕೊಂಡು, ಕ್ಯಾಬಿನ್ನಿನ ಕಪಾಟಿನಿಂದ ರಿಂಗು ತೆಗೆದು, ಕೊಲ್ಹಾಪುರದ ಬಸ್ಸು ಹತ್ತಿದೆ.

ಕೊಲ್ಹಾಪುರದವರು ರಿಂಗನ್ನು ತಂಪು ಕೋಣೆಯಲ್ಲಿ ಬಹಳ ಹೊತ್ತು ಇಟ್ಟು, ಆಮೇಲೆ ಅಳೆದರು. ನಡುವೆ ಹದಿನೇಳು ಮೈಕ್ರಾನು ದೊಡ್ಡದು, ಬಾಯಿಯ ಹತ್ತಿರ ಇನ್ನೂ ಎರಡು ಹೆಚ್ಚು, ಕೈಯಲ್ಲಿ ಪೇಪರು ಹಿಡಿದು ತಿಕ್ಕಿದಾಗ ಆಗುವ ಹಾಗೆ. ಇದನ್ನು ತಿಕ್ಕಿದವರು ಯಾರು ಎಂದು ಅಲ್ಲಿಯವನು ಮರಾಠಿಯಲ್ಲಿ ಕೇಳಿ ನಕ್ಕ. ನನಗೆ ನಗು ಬರಲಿಲ್ಲ. ಆದರೆ ಎದೆ ಹಗುರಾಗಿತ್ತು, ಸುಳ್ಳು ಯಾಕೆ ಹೇಳಲಿ. ಇದನ್ನು ತೋರಿಸಿದರೆ ಕಾಕಾ ಒಪ್ಪುತ್ತಾರೆ, ಹೋನಿಂಗಿನವ ವಾಪಸ್ ಬರುತ್ತಾನೆ, ಗೊತ್ತಿಲ್ಲದೆ ಆದ ತಪ್ಪು ಮುಗಿಯುತ್ತದೆ ಎಂದುಕೊಂಡು ಕಿಟಕಿಯ ಪಕ್ಕ ಕುಳಿತು ಬಂದೆ.

ಮರುದಿನ ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು ರಿಂಗನ್ನೂ ಪ್ರಯೋಗಶಾಲೆಯ ಅಂಕಿಯನ್ನೂ ಮುಂದಿಟ್ಟೆ. ಕಾಕಾ ಸಿಟ್ಟಾಗಲಿಲ್ಲ. ಅದೇ ನನ್ನನ್ನು ಹೆದರಿಸಿತು. ರಿಂಗನ್ನು ಕೈಯಲ್ಲಿ ತಿರುಗಿಸುತ್ತಾ, ಗೇಟಿನ ಒಳಗೆ ಮೊದಲ ಸಲ ನನ್ನ ಜೊತೆ ಕನ್ನಡದಲ್ಲಿ ಮಾತಾಡಿದರು.

"ನನಗ ಗೊತ್ತೈತಿ, ಮಗಳ."

"ಯಾವಾಗಿಂದ?"

"ಆ ಪುಣೆದಾಂವ ಮೂರ್ನಾಕ ಅಳದ ಕೂಡ್ಲೆ ಗೊತ್ತಾತು. ನಾ ಲೇತಿನ ಮ್ಯಾಲ ತಲಿ ಬೆಳ್ಳಗ ಮಾಡ್ಕೊಂಡೇನಿ. ತಿಕ್ಕಿದ್ದು ನೆನಪಾತು."

"ಅಂದ್ರ ಅಂವಗ ಬೈಯೂಮುಂದ ನಿಮಗ ಗೊತ್ತಿತ್ತು?"

ಕಾಕಾ ಬೇರೆ ಕಡೆಯಿಂದ ಶುರುಮಾಡಿದರು. "ತಿಳ್ಕೋ ಒಂಚೂರು. ಮನಷ್ಯಾಂದು ತಪ್ಪು ಅಂದ್ರ ಮನಷ್ಯಾ ಬದಲಾದ, ಮುಗೀತು. ಪುಣೆದಾವ್ರು ಫೈಲು ಮುಚ್ಚತಾರ. ರಿಂಗಿಂದು ತಪ್ಪು ಅಂದ್ರ ಏನಂತಾರ? ಮಾಲಕಗs ಅಕ್ಕಲಿಲ್ಲ, ಇವರ ಅಳತಿ ನಂಬಾಂಗಿಲ್ಲ ಅಂತ ಕೆಲಸನs ಕಸಗೋತಾರ. ಮೂವತ್ತ ಮನಿ ಒಲಿ ಆರತಾವ. ಒಂದ ಮನಿ, ಮೂವತ್ತ ಮನಿ. ನೀನs ಲೆಕ್ಕಾ ಹಾಕು."

"ಕೆಲಸಾ ಬಿಡಸ್ಬೇಕಾಗಿತ್ತು ಅಂದ್ರ ಬಿಡಸ್ತಿದ್ರಿ. ಮುದ್ದಾಮ ಮಾಡ್ಯಾನ ಅಂತ ಯಾಕ ಅಂದ್ರಿ, ಕಾಕಾ?"

"ಅಂವಾ ಟೈದಾಂವ ಅಂದ. ನಾ ಹೂಂ ಅಂದೆ." ರಿಂಗನ್ನು ಮಖಮಲ್ಲಿನೊಳಗೆ ಇಟ್ಟು ಡಬ್ಬಿ ಮುಚ್ಚಿದರು. "ದೇವರ ಕೆಲಸಾ ಮಾಡಾಕ ಹೋಗಿ ಹಿಂಗಾತು. ಅದನ್ನ ಹೆಂಗ ಬರದು ಕೊಡ್ಲಿ?"

ಅವರ ಮಾತಿನಲ್ಲಿ ಅರ್ಥವಿರಲಿಲ್ಲ ಎಂದು ಹೇಳಲಾರೆ. ಆ ಮೂವತ್ತು ಮನೆಗಳಲ್ಲಿ ನನ್ನದೂ ಒಂದಿತ್ತು. ಅದಕ್ಕೇ ನನಗೆ ಹೆಚ್ಚು ಕಹಿಯಾಯಿತು. ಅಳತೆಯ ಹೊಸ ಪದ್ಧತಿ ಬರುತ್ತದೆ, ಇನ್ನು ಎಲ್ಲವೂ ಸರಿಯಾಗುತ್ತದೆ ಅಂದುಕೊಂಡಿದ್ದೆ. ಆ ಪದ್ಧತಿಗೂ ಬೇಕಾದದ್ದು ಬೈಸಿಕೊಳ್ಳಲು ಒಬ್ಬ ಮನುಷ್ಯ. ನಾನು ವರದಿಗೆ ಸಹಿ ಹಾಕುವುದಿಲ್ಲ ಎಂದೆ. ಕಾಕಾ ತಾವೇ ಸಹಿ ಹಾಕಿ ಕಳಿಸಿದರು. ಪುಣೆಯವರು ಫೈಲು ಮುಚ್ಚಿದರು. ಯಾರ ಸಹಿ ಎಂದು ಯಾರೂ ಕೇಳಲಿಲ್ಲ.

ಹೊಸ ರಿಂಗು ಬಂತು, ಈ ಸಲ ನನ್ನ ಕೈಗೆ. ಹೊಸ ಹೋನಿಂಗಿನವನೂ ಬಂದ. ಕವಲಾಪುರದ ಹುಡುಗ, ವಿನಯವಂತ, ಮಾವಾ ತಿನ್ನುತ್ತಿರಲಿಲ್ಲ, ಯಾರನ್ನೂ ಕೆಣಕುತ್ತಿರಲಿಲ್ಲ. ಅವನ ಮೊದಲ ಲಾಟನ್ನು ಅಳೆದು ಚುಕ್ಕೆ ಇಟ್ಟೆ. ಒಂದು ಮೈನಸ್ ಆರು, ಇನ್ನೊಂದು ಮೂವತ್ತು, ಮತ್ತೊಂದು ಎರಡು. ಹಾಳೆಯ ತುಂಬ ಸಾಸಿವೆ ಚೆಲ್ಲಿದ ಹಾಗೆ. ಸರಾಸರಿ ತೆಗೆದರೆ ಹನ್ನೆರಡೂವರೆ, ಇಪ್ಪತ್ತೈದಕ್ಕೆ ಸರಿಯಾಗಿ ಅರ್ಧ. ಸರಾಸರಿಯಲ್ಲಿ ಅವನಂಥ ಸರಿಯಾದ ಮನುಷ್ಯ ಇಲ್ಲ. ಆದರೆ ಸರಾಸರಿಯನ್ನು ಟ್ರ್ಯಾಕ್ಟರಿಗೆ ಹಾಕಲು ಬರುವುದಿಲ್ಲ. ಚಿಕ್ಕದಾದದ್ದನ್ನು ಮತ್ತೆ ಕೆರೆದೆವು, ದೊಡ್ಡದಾದದ್ದನ್ನು ಭಂಗಾರಕ್ಕೆ ಹಾಕಿದೆವು. ಅವನಾದ ಮೇಲೆ ಇನ್ನೊಬ್ಬ ಬಂದ, ಅವನದೂ ಅದೇ ಕಥೆ. ಸೊನ್ನೆ ಸರಿಯಾಗಿತ್ತು, ಈಗ ಕೈ ಇರಲಿಲ್ಲ. ಸೊನ್ನೆಯನ್ನು ಒಂದು ಗಳಿಗೆಯಲ್ಲಿ ಸರಿಮಾಡಬಹುದು. ಆ ಕೈ ತಯಾರಾಗಲು ವರ್ಷಗಳು ಬೇಕು. ಪುಣೆಯಿಂದ ಮತ್ತೆ ಫ್ಯಾಕ್ಸುಗಳು ಬರತೊಡಗಿದವು.

ಕಡೆಗೆ ಒಂದು ರವಿವಾರ ಕಾಕಾ ನಮ್ಮ ಮನೆ ಮುಂದೆ ತಮ್ಮ ಹೊಸ ಮಾರುತಿ ನಿಲ್ಲಿಸಿ, "ನಡಿ ಮಗಳ, ಬುಧಗಾಂವಕ್ಕ ಹೋಗಿ ಬರೂಣು" ಅಂದರು. ನಾನು ಓಡಿಹೋಗಿ ಕೂತೆ. ಇಷ್ಟು ದಿನದ ಸಿಟ್ಟು ಅರ್ಧ ಇಳಿದೇಹೋಗಿತ್ತು.

ಎಂಐಡಿಸಿಯಲ್ಲಿ ಹೋನಿಂಗಿನವನನ್ನು ಯಾರೂ ಇಟ್ಟುಕೊಂಡಿರಲಿಲ್ಲ. ಲಾಟು ಕೆಡಿಸಿ ಸೇಡು ತೀರಿಸಿದವನು ಎಂಬ ಸುದ್ದಿ ಅವನಿಗಿಂತ ಮುಂಚೆ ಪ್ರತಿ ಗೇಟಿಗೂ ಮುಟ್ಟಿತ್ತು. ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅರಿಷಿಣದ ಚೀಲ ಹೊರುತ್ತಿದ್ದ. ಕೋಣೆಯ ಮುಂದೆ ಕೂತು ಕಾಲು ತೊಳೆಯುತ್ತಿದ್ದವನು ನಮ್ಮನ್ನು ನೋಡಿ ಎದ್ದು ನಿಂತ. ಕೈ ಬೆರಳ ಸಂದಿಯಲ್ಲೆಲ್ಲ ಹಳದಿ ಕೂತಿತ್ತು. "ಬರ್ರಿ ಮಾಲಕ್ರ, ಬರ್ರಿ ಅಕ್ಕಾರ, ಕುಂದ್ರಿ" ಅಂದ. ಹೆಂಡತಿ ಚಾಪೆ ಹಾಸಿ, ಚಹಾಕ್ಕೆ ಇಟ್ಟಳು. ಅವನು ನಮ್ಮನ್ನು ಕೆಣಕಲಿಲ್ಲ, ಅದನ್ನು ನೋಡಲು ನನಗೆ ಕಷ್ಟವಾಯಿತು.

ಕಾಕಾ ಚಹಾ ಕುಡಿಯುತ್ತಾ, ಮೆತ್ತಗೆ, ಕನ್ನಡದಲ್ಲಿ ಹೇಳಿದರು. "ನೋಡಪಾ, ಆದದ್ದು ಆತು. ತಪ್ಪು ನಿಂದಲ್ಲ. ರಿಂಗ ದೊಡ್ಡದಾಗಿತ್ತು, ನನ್ನ ಕೈಲೇ ಆತದು. ನಾಳಿಯಿಂದ ಬಾ. ಕಾಯಂ ಮಾಡ್ತೇನಿ."

ಅವನ ಹೆಂಡತಿ ಸ್ಟವ್ ಆರಿಸಿ ಈ ಕಡೆ ತಿರುಗಿದಳು. ಹೋನಿಂಗಿನವ ನನ್ನ ಕಡೆ ನೋಡಿದ, ನಾನು ಹೌದೆಂದು ತಲೆಯಾಡಿಸಿದೆ. ಅವನು ಹಳದಿ ಕೂತ ತನ್ನ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡ.

"ಅಂದ್ರ ನನ್ನ ಕೈ ಸರಿ ಇತ್ತಲ್ರಿ?"

"ಸರಿ ಇತ್ತೋ ಮಾರಾಯಾ."

"ಬರ್ತೇನ್ರಿ ಮಾಲಕ್ರ. ಕಾಯಂ ಮಾಡ್ರಿ, ಬಿಡ್ರಿ. ಆದ್ರ ಒಂದ ಮಾತು." ಈಗ ದನಿ ಏರಲಿಲ್ಲ. "ನನಗ ಹರಾಮಖೋರ ಅಂದಿದ್ದು ಮರಾಠ್ಯಾಗ ರೀ, ಲೇತ ಬಂದ ಮಾಡಿ, ಎಲ್ಲಾರ ಮುಂದ. ಈಗ ಅಂದ್ರೆಲ್ಲಾ, ತಪ್ಪು ನಿಂದಲ್ಲ ಅಂತ, ಅದನ್ನೂ ಅಲ್ಲೇ ನಿಂತು, ಮರಾಠ್ಯಾಗನ ಅನ್ರಿ. ಇಲ್ಲಿ ಕನ್ನಡದಾಗ ಅಂದ್ರ ನಾನೊಬ್ಬನs ಕೇಳ್ತೇನಿ. ನನಗ ಅದು ಮೊದಲs ಗೊತ್ತೈತಿ."

ಕಾಕಾ ಕಪ್ಪನ್ನು ಬಸಿಯ ಮೇಲೆ ಇಟ್ಟರು. ಅರ್ಧ ಚಹಾ ಹಾಗೇ ಇತ್ತು. ಎದ್ದು ಚಪ್ಪಲಿ ಹುಡುಕಿದರು. ನಾನು "ಕಾಕಾ" ಅಂದೆ, ತಿರುಗಿ ನೋಡಲಿಲ್ಲ. ಹೋನಿಂಗಿನವ ಗಾಡಿಯವರೆಗೂ ಬಂದು, ನನ್ನ ಕಡೆಯ ಬಾಗಿಲು ಹಾಕಿ, "ಹುಷಾರ ಹೋಗ್ರಿ ಅಕ್ಕಾರ" ಅಂದ. ಅಷ್ಟರಲ್ಲಿ ಗಾಡಿ ಹೊರಟಿತ್ತು.

ಸಾಂಗಲಿಯ ರಸ್ತೆ ಹಿಡಿದೆವು. ಇನ್ನೂ ಹೇಳಬಹುದು, ಗಾಡಿ ತಿರುಗಿಸಬಹುದು, ಒಂದು ಮಾತು ತಾನೇ ಎಂದು ನಾನು ಬಾಯಿಬಿಟ್ಟು ಹೇಳಲೂ ನೋಡಿದೆ. ಕಾಕಾ ಎದುರಿನ ರಸ್ತೆಯನ್ನೇ ನೋಡುತ್ತಾ ಗೇರು ಬದಲಿಸಿದರು. ಆಮೇಲೆ ಮಾತಾಡಿದರು. ಮರಾಠಿಯಲ್ಲಿ.

"ಉದ್ಯಾಪಾಸ್ನಂ ದುಸರಾ ಕೋಣೀತರೀ ಬಘ."

ನಾಳೆಯಿಂದ ಹೋನಿಂಗಿಗೆ ಬೇರೆ ಯಾರನ್ನಾದರೂ ಹುಡುಕು. ಮಗಳ ಅನ್ನಲಿಲ್ಲ. ಗೇಟಿನ ಒಳಗಿನ ದನಿ ಅದು, ಅವನನ್ನು ಹೊರಗೆ ಹಾಕಿದ ದನಿ.

"ಗಾಡಿ ನಿಂದ್ರಸ್ರಿ, ಕಾಕಾ" ಅಂದೆ.

ಅವರಿಗೆ ಕೇಳಿಸಲಿಲ್ಲವೋ, ಕೇಳಿಸದ ಹಾಗೆ ಮಾಡಿದರೋ. ನಾನು ಅದನ್ನೇ ಮರಾಠಿಯಲ್ಲಿ ಹೇಳಿದೆ. ಆಗ ನಿಲ್ಲಿಸಿದರು. ನಾನು ಇಳಿದು ಬಾಗಿಲು ಹಾಕಿದೆ, ಮತ್ತೆ ಆ ಗೇಟಿನೊಳಗೆ ಕಾಲಿಡಲಿಲ್ಲ.